ಕರಡಿ, ಶೇಂಗಾ, ಛತ್ರಿ, ಏಣಿ

ಸೈಕಲ್ಲಿಗೆ ಹಾಕುವ ನಂಬರ್ ಬೀಗವನ್ನು ನೋಡಿದ್ದೀರಲ್ಲ, ಮಕ್ಕಳೇ? ನಾಲ್ಕು ಪುಟ್ಟ ಚಕ್ರ, ಒಂದೊಂದರ ಮೇಲೂ 0ಯಿಂದ 9ರವರೆಗೆ ಅಂಕಿ. ಸರಿಯಾದ ನಾಲ್ಕು ಅಂಕಿ ಸಾಲಾಗಿ ನಿಂತರೆ ಬೀಗ ಬಿಚ್ಚಿಕೊಳ್ಳುತ್ತದೆ. 0000ದಿಂದ 9999ರವರೆಗೆ ಒಟ್ಟು 10,000 ಸಂಖ್ಯೆಗಳು. ಕಳ್ಳನೊಬ್ಬ ಎರಡು ಸೆಕೆಂಡಿಗೆ ಒಂದರಂತೆ ತಿರುಗಿಸುತ್ತಾ ಕೂತರೆ ಎಲ್ಲವನ್ನೂ ಮುಗಿಸಲು ಐದೂವರೆ ಗಂಟೆ ಬೇಕು. ಬಸ್‌ಸ್ಟ್ಯಾಂಡಿನ ಎದುರು ಅಷ್ಟು ಹೊತ್ತು ಕೂರುವ ಧೈರ್ಯ ಯಾವ ಕಳ್ಳನಿಗಿದೆ?

ಆದರೆ ನೀವು ಆ ನಾಲ್ಕು ಚಕ್ರಕ್ಕೆ ನಿಮ್ಮ ಹುಟ್ಟಿದ ದಿನ ಇಟ್ಟಿದ್ದೀರಿ ಅನ್ನಿ. ಆಗಸ್ಟ್ 15 ಆದರೆ 1508. ವರ್ಷದಲ್ಲಿ ಇರುವುದೇ 366 ದಿನ, ಫೆಬ್ರುವರಿ 29 ಸೇರಿ. ಇದು ಗೊತ್ತಿರುವ ಕಳ್ಳನಿಗೆ ಹತ್ತು ಸಾವಿರದ ಕೆಲಸ 366ಕ್ಕೆ ಇಳಿಯಿತು, ಹನ್ನೆರಡು ನಿಮಿಷ ಸಾಕು. ಅವನು ನಿಮ್ಮ ಕ್ಲಾಸಿನವನೇ ಆಗಿ, ನಿಮ್ಮ ಹುಟ್ಟುಹಬ್ಬದ ಚಾಕೊಲೇಟ್ ತಿಂದವನಾಗಿದ್ದರೆ ಒಂದೇ ಒಂದು ಸಲ ತಿರುಗಿಸಿದರೆ ಆಯಿತು. ಬೀಗದಲ್ಲಿ ಚಕ್ರ ನಾಲ್ಕೇ ಇವೆ, ಒಂದೂ ಕಮ್ಮಿಯಾಗಿಲ್ಲ.

ಆರು ಚಕ್ರದ ಬೀಗ ತಂದರೋ? ಈಗ ಹತ್ತು ಲಕ್ಷ ಸಂಖ್ಯೆ. ಆರಂಕಿ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಊರಿನ ಪಿನ್‌ಕೋಡ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಊರಿನ ಪಿನ್‌ಕೋಡ್ ಶುರುವಾಗುವುದು 583ರಿಂದಲೇ. ಮೊದಲ ಮೂರು ಚಕ್ರ ಪುಕ್ಕಟೆ ಸಿಕ್ಕಿಬಿಟ್ಟವು. ಉಳಿದ ಮೂರಕ್ಕೆ ಸಾವಿರ ಸಾಧ್ಯತೆ. ಅದರಲ್ಲೂ ಸುತ್ತಮುತ್ತಲಿನ ಅಂಚೆ ಕಚೇರಿಗಳ ಸಂಖ್ಯೆಗಳನ್ನಷ್ಟೇ ನೋಡಿದರೆ ಸಾಕು. ಆರು ಚಕ್ರದ ಬೀಗ ನಾಲ್ಕು ಚಕ್ರದ್ದಕ್ಕಿಂತ ಸಡಿಲವಾಯಿತು!

ಅಂದರೆ, ಬೀಗದ ಗಟ್ಟಿತನವನ್ನು ಅಂಕಿಗಳನ್ನು ಎಣಿಸಿ ಹೇಳಲಾಗುವುದಿಲ್ಲ. ಆ ಅಂಕಿಗಳನ್ನು ನೀವು ಹೇಗೆ ಆರಿಸಿದಿರಿ ಎಂಬುದರ ಮೇಲೆ ಅದು ನಿಂತಿದೆ. ಪಾಸ್‌ವರ್ಡಿಗೂ ಇದೇ ಲೆಕ್ಕ.

ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಲು ಅಪ್ಪನ ಜೊತೆ ಸೈಬರ್ ಸೆಂಟರಿಗೋ ಗ್ರಾಮ ಒನ್‌ಗೋ ಹೋಗಿರುತ್ತೀರಿ. ಪಾಸ್‌ವರ್ಡ್ ಕೇಳುವ ಜಾಗ ಬಂದಾಗ ಅಲ್ಲಿ ಕೂತ ಅಣ್ಣ, 'ಹೆಸರು ಹಾಕಿ ಅಟ್ ಒನ್ ಟೂ ತ್ರೀ ಇಡ್ತೀನಿ, ನೆನಪಿಟ್ಕೋರಿ' ಎಂದು ಅರ್ಜಿಯ ಹಿಂಬದಿಗೆ ಬರೆದುಕೊಡುತ್ತಾನೆ. ಪಾಪ, ಅವನ ತಪ್ಪಲ್ಲ. ಹಿಂದೆ ಇನ್ನೂ ಇಪ್ಪತ್ತು ಜನ ನಿಂತಿರುತ್ತಾರೆ. ಪಾಸ್‌ವರ್ಡ್ ತುಂಬುವ ಆ ಪೆಟ್ಟಿಗೆಯೋ 'ಒಂದು ದೊಡ್ಡಕ್ಷರ ಬೇಕು, ಒಂದು ಅಂಕಿ ಬೇಕು, ಒಂದು ಚಿಹ್ನೆ ಬೇಕು' ಎಂದು ಕೆಂಪು ಅಕ್ಷರದಲ್ಲಿ ಗದರುತ್ತಿರುತ್ತದೆ. ಹೆಸರು, ಅಟ್, 123 ಎಂದರೆ ಮೂರೂ ಬಂದವು, ಪೆಟ್ಟಿಗೆ ತೆಪ್ಪಗಾಯಿತು. ಊಹಿಸುವ ಕಳ್ಳನಿಗೂ ಇದೇ ಬೇಕಾಗಿತ್ತು. ದೊಡ್ಡಕ್ಷರ ಮೊದಲಿಗೆ, ಚಿಹ್ನೆ ಮತ್ತು ಅಂಕಿ ಕೊನೆಗೆ ಎಂಬ ಜನರ ರೂಢಿ ಅವನಿಗೆ ಬಾಯಿಪಾಠ.

ಈ ದೊಡ್ಡಕ್ಷರ, ಚಿಹ್ನೆಗಳ ನಿಯಮವನ್ನು 2003ರಲ್ಲಿ ಬರೆದವರು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನಲ್ಲಿದ್ದ ಬಿಲ್ ಬರ್. 2017ರಲ್ಲಿ ನಿಸ್ಟ್ ಹೊಸ ಸೂಚನೆ ಹೊರಡಿಸಿತು: ಚಿಹ್ನೆಗಳ ಕಾಟ ಬೇಡ, ಉದ್ದವಿರಲಿ, ಸುಮ್ಮಸುಮ್ಮನೆ ಮೂರು ತಿಂಗಳಿಗೊಮ್ಮೆ ಬದಲಿಸಿ ಎನ್ನಬೇಡಿ. ಆ ವರ್ಷ ಬರ್ ಅವರೇ ತಮ್ಮ ಹಳೆಯ ನಿಯಮಗಳ ಬಗ್ಗೆ ವಿಷಾದ ಹೇಳಿಕೊಂಡರು. ಕೆಂಪಕ್ಷರದ ಪೆಟ್ಟಿಗೆಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಈಗ ನೀವು ಕೇಳಬಹುದು: ಅಮ್ಮನ ಯುಪಿಐ ಪಿನ್ ನಾಲ್ಕೋ ಆರೋ ಅಂಕಿಯದ್ದು, ಅದು ಹೇಗೆ ನಡೆಯುತ್ತದೆ? ಒಳ್ಳೆಯ ಪ್ರಶ್ನೆ. ಅಲ್ಲಿ ಎಣಿಸುವವರಿದ್ದಾರೆ. ಕೆಲವು ಸಲ ತಪ್ಪು ಪಿನ್ ಒತ್ತಿದರೆ ಬ್ಯಾಂಕು ಬಾಗಿಲು ಮುಚ್ಚಿಬಿಡುತ್ತದೆ. ಕಳ್ಳನಿಗೆ ಹತ್ತು ಸಾವಿರ ಅವಕಾಶ ಸಿಗುವುದೇ ಇಲ್ಲ. ಅಪಾಯ ಇರುವುದು ಎಣಿಸುವವರೇ ಇಲ್ಲದ ಕಡೆ. ಯಾವುದೋ ಕಂಪನಿಯ ಕಂಪ್ಯೂಟರಿನಿಂದ ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನೇ ಕದ್ದು ಮನೆಗೆ ಒಯ್ದವನು ರಾತ್ರಿ ಹಗಲು ಊಹಿಸುತ್ತಾ ಕೂರಬಹುದು.

ಪಟ್ಟಿ ಕದಿಯುವ ಕಥೆ ಪಾಸ್‌ವರ್ಡಿನಷ್ಟೇ ಹಳೆಯದು. 1961ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಳ್ಳುವ ವ್ಯವಸ್ಥೆಯನ್ನು ಫರ್ನಾಂಡೊ ಕಾರ್ಬಟೊ ಅವರ ತಂಡ ಕಟ್ಟಿತು. ಒಬ್ಬರ ಕಡತ ಇನ್ನೊಬ್ಬರು ನೋಡದಿರಲಿ ಎಂದು ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್ ಕೊಟ್ಟರು. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕೇ ಗಂಟೆ ಕಂಪ್ಯೂಟರ್ ಸಿಗುತ್ತಿತ್ತು. ಅವನಿಗೆ ಸಾಲಲಿಲ್ಲ. 1962ರಲ್ಲಿ ಒಂದು ಕಾರ್ಡಿನಲ್ಲಿ ತೂತು ಹೊಡೆದು, 'ಪಾಸ್‌ವರ್ಡ್ ಕಡತ ಅಚ್ಚು ಹಾಕು' ಎಂದು ಕಂಪ್ಯೂಟರಿಗೆ ಬೇಡಿಕೆ ಕೊಟ್ಟ. ಅದು ವಿಧೇಯವಾಗಿ ಎಲ್ಲರ ಪಾಸ್‌ವರ್ಡನ್ನೂ ಅಚ್ಚು ಹಾಕಿ ಕೊಟ್ಟಿತು! ಇನ್ನೂ ತಮಾಷೆ ನಡೆದದ್ದು 1966ರಲ್ಲಿ. ಎರಡು ಕಡತಗಳು ಅದಲುಬದಲಾಗಿ, 'ಇಂದಿನ ಸಂದೇಶ' ಬರಬೇಕಾದ ಜಾಗದಲ್ಲಿ ಪಾಸ್‌ವರ್ಡ್ ಪಟ್ಟಿಯೇ ಲಾಗಿನ್ ಆದ ಎಲ್ಲರ ಮುಂದೆ ಮೂಡತೊಡಗಿತು.

ಹಾಗಾಗಿ ಬುದ್ಧಿವಂತರು ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡುವುದನ್ನು ಬಿಟ್ಟರು. ಅದನ್ನು ಒಂದು ಲೆಕ್ಕದೊಳಗೆ ಹಾಯಿಸಿ, ಹೊರಬಂದ ಉತ್ತರವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಆ ಲೆಕ್ಕ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಪೆನ್ಸಿಲ್ ತೆಗೆದುಕೊಳ್ಳಿ. 47ನ್ನು 47ರಿಂದಲೇ ಗುಣಿಸಿ: 2209. ಕೊನೆಯ ಎರಡಂಕಿ ಮಾತ್ರ ಇಟ್ಟುಕೊಳ್ಳಿ: 09. ಈಗ ನಿಮ್ಮ ತಂಗಿಗೆ '09 ಬಂದಿದೆ, ನಾನು ತೆಗೆದುಕೊಂಡ ಸಂಖ್ಯೆ ಯಾವುದು?' ಎಂದು ಕೇಳಿ. ಅವಳಿಗೆ ಖಚಿತವಾಗಿ ಹೇಳಲಾಗದು. 3, 47, 53, 97 ನಾಲ್ಕೂ 09ನ್ನೇ ಕೊಡುತ್ತವೆ. ಕಂಪ್ಯೂಟರ್ ಮಾಡುವ ಲೆಕ್ಕ ಇದಕ್ಕಿಂತ ಎಷ್ಟೋ ಪಾಲು ಜಟಿಲ. ಅಲ್ಲಿ ಒಂದಕ್ಷರ ಬದಲಾದರೂ ಉತ್ತರ ಗುರುತೇ ಸಿಗದಷ್ಟು ಬದಲಾಗುತ್ತದೆ, ಎರಡು ಪಾಸ್‌ವರ್ಡಿಗೆ ಒಂದೇ ಉತ್ತರ ಬರುವುದಂತೂ ಕಾಣಸಿಗುವುದಿಲ್ಲ. ಇದರ ಹೆಸರು ಹ್ಯಾಶ್. 1979ರಲ್ಲಿ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಇದಕ್ಕೆ ಇನ್ನೊಂದು ಉಪಾಯದ ವಿವರ ಬರೆದರು: ಒಬ್ಬೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಚಿಟಿಕೆ 'ಉಪ್ಪು', ಅಂದರೆ ಮನಬಂದಂತೆ ಆರಿಸಿದ ಕೆಲವು ಅಕ್ಷರ, ಬೆರೆಸಿ ಆಮೇಲೆ ಹ್ಯಾಶ್ ಮಾಡುವುದು. ಆಗ ಇಬ್ಬರ ಪಾಸ್‌ವರ್ಡ್ ಒಂದೇ ಇದ್ದರೂ ಪಟ್ಟಿಯಲ್ಲಿ ಬೇರೆ ಬೇರೆ ಕಾಣುತ್ತದೆ.

ಎಲ್ಲರೂ ಇಷ್ಟು ಜಾಗ್ರತೆ ಮಾಡುವುದಿಲ್ಲ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3 ಕೋಟಿ 20 ಲಕ್ಷ ಪಾಸ್‌ವರ್ಡುಗಳು ಸೋರಿಹೋದವು, ಹ್ಯಾಶ್ ಇಲ್ಲ, ಉಪ್ಪೂ ಇಲ್ಲ. ಜನ ಅತಿ ಹೆಚ್ಚು ಇಟ್ಟುಕೊಂಡಿದ್ದ ಪಾಸ್‌ವರ್ಡ್ 123456. ಅಂದಿನಿಂದ ಆ ಪಟ್ಟಿಯೇ ಕಳ್ಳರ ಪಠ್ಯಪುಸ್ತಕ.

ಹ್ಯಾಶ್ ಹಿಂದಕ್ಕೆ ಬರುವುದಿಲ್ಲವಾದರೆ ಕಳ್ಳ ಏನು ಮಾಡುತ್ತಾನೆ? ಒಂದೊಂದೇ ಪದವನ್ನು ತಾನೇ ಲೆಕ್ಕಕ್ಕೆ ಹಾಯಿಸಿ, ಉತ್ತರ ಕದ್ದ ಪಟ್ಟಿಯಲ್ಲಿದೆಯೇ ಎಂದು ತಾಳೆ ನೋಡುತ್ತಾನೆ. ನೀವು ಆಟ ಆಡುವ ಕಂಪ್ಯೂಟರಿನಲ್ಲಿರುವಂಥ ಗ್ರಾಫಿಕ್ಸ್ ಕಾರ್ಡ್, ಹ್ಯಾಶ್ ಹಳೆಯ ದುರ್ಬಲ ಬಗೆಯದ್ದಾದರೆ ಸೆಕೆಂಡಿಗೆ ಹತ್ತು ಸಾವಿರ ಕೋಟಿ ಊಹೆ ಮಾಡಬಲ್ಲದು. ಇಂಗ್ಲಿಷಿನ 26 ಸಣ್ಣಕ್ಷರಗಳಿಂದ ಎಂಟಕ್ಷರದ ಪಾಸ್‌ವರ್ಡುಗಳು ಎಷ್ಟಿರಬಹುದು? 26ನ್ನು ಎಂಟು ಸಲ ಗುಣಿಸಿ: ಸುಮಾರು 20,882 ಕೋಟಿ. ಎರಡು ಸೆಕೆಂಡ್! ಅದಕ್ಕೇ ಒಳ್ಳೆಯ ಕಂಪನಿಗಳು ಬೇಕಂತಲೇ ನಿಧಾನವಾಗಿ ನಡೆಯುವ ಹ್ಯಾಶ್ ಬಳಸುತ್ತವೆ. ಅಲ್ಲಿ ಕಳ್ಳ ಹಲವು ಯಂತ್ರ ಜೋಡಿಸಿ ಸೆಕೆಂಡಿಗೆ ಒಂದು ಲಕ್ಷ ಊಹೆ ಮಾಡಿದರೂ ಅದೇ ಎಂಟಕ್ಷರಕ್ಕೆ 24 ದಿನ ಬೇಕು. ಇದೇನೂ ದೊಡ್ಡ ಕಾಲವಲ್ಲ.

ಹಾಗಾದರೆ ಗಟ್ಟಿ ಪಾಸ್‌ವರ್ಡ್ ಮಾಡುವುದು ಹೇಗೆ? ತಲೆ ಓಡಿಸಬೇಡಿ. ನಿಜವಾಗಿಯೂ! ನೀವು ತಲೆ ಓಡಿಸಿ ಮಾಡಿದ್ದನ್ನು ಇನ್ನೊಬ್ಬರೂ ತಲೆ ಓಡಿಸಿ ಹಿಡಿಯಬಹುದು. ತಲೆಯೇ ಇಲ್ಲದ ಒಂದು ವಸ್ತುವಿಗೆ ಆ ಕೆಲಸ ಕೊಡಬೇಕು. ಲೂಡೋ ಆಟದ ದಾಳ ಸಾಕು.

1995ರಲ್ಲಿ ಆರ್ನಲ್ಡ್ ರೈನ್‌ಹೋಲ್ಡ್ ಎಂಬವರು 7,776 ಪದಗಳ ಒಂದು ಪಟ್ಟಿ ಮಾಡಿ, ಐದು ಸಲ ದಾಳ ಎಸೆದು ಒಂದು ಪದ ಆರಿಸುವ ವಿಧಾನ ಹೇಳಿದರು. ಅದನ್ನು ನಮ್ಮ ಶಾಲೆಗೆ ಹೊಂದಿಸಿಕೊಳ್ಳೋಣ. ಕ್ಲಾಸಿನಲ್ಲಿ 36 ಮಕ್ಕಳಿದ್ದೀರಿ ಅನ್ನಿ. ಪ್ರತಿಯೊಬ್ಬರೂ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ 36 ಪದ ಬರೆಯಿರಿ: ಮಲ್ಲಿಗೆ, ತೇರು, ಗೊರವ, ಹುಣಸೆ, ಬಕೆಟ್, ರಾಗಿ, ಕೊಕ್ಕರೆ, ಏನು ಬೇಕಾದರೂ. ಅಂಕಸಮುದ್ರದ ಕೆರೆಯ ಹತ್ತಿರದವರಿಗೆ ಹಕ್ಕಿಗಳ ಹೆಸರೇ ಹತ್ತು ಸಿಗುತ್ತವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬರೆದಿದ್ದರೆ ಬದಲಿಸಿಕೊಳ್ಳಿ. ಒಟ್ಟು 1,296 ಪದ. ಈಗ ದಾಳವನ್ನು ಎರಡು ಸಲ ಎಸೆದರೆ ಯಾರ ಹಾಳೆ ಎಂಬುದು ಗೊತ್ತಾಗುತ್ತದೆ, ಇನ್ನೆರಡು ಸಲ ಎಸೆದರೆ ಆ ಹಾಳೆಯ ಯಾವ ಪದ ಎಂಬುದು. ನಾಲ್ಕು ಎಸೆತಕ್ಕೆ ಒಂದು ಪದ. ಆರು ಪದಕ್ಕೆ 24 ಎಸೆತ.

ಉದಾಹರಣೆಗೆ: ಕರಡಿ, ಶೇಂಗಾ, ಛತ್ರಿ, ಏಣಿ, ಮಂಡಕ್ಕಿ, ನವಿಲು. ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ ಬರೆದರೆ 35 ಅಕ್ಷರದ ಪಾಸ್‌ವರ್ಡ್. ನೆನಪಿಡಲು ಒಂದು ಚಿತ್ರ ಕಟ್ಟಿಕೊಳ್ಳಿ: ಗುಡೇಕೋಟೆ ಕರಡಿಧಾಮದ ಕರಡಿಯೊಂದು ಶೇಂಗಾ ಮೆಲ್ಲುತ್ತಾ, ಛತ್ರಿ ಹಿಡಿದು ಏಣಿ ಹತ್ತಿತು, ಮೇಲೆ ಮಂಡಕ್ಕಿ ಮಾರುತ್ತಾ ಕೂತಿದ್ದದ್ದು ನವಿಲು. ಮರೆಯಿರಿ ನೋಡೋಣ! ಒಂದೇ ಎಚ್ಚರ, ಛತ್ರಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಇವತ್ತೊಂದು ಥರ, ನಾಳೆ ಒಂದು ಥರ ಬರೆದರೆ ನಿಮ್ಮ ಬಾಗಿಲು ನಿಮಗೇ ತೆರೆಯುವುದಿಲ್ಲ. ಒಂದು ಕಾಗುಣಿತ ಹಿಡಿದು ಅದಕ್ಕೇ ಅಂಟಿಕೊಳ್ಳಿ.

ಈಗ ಲೆಕ್ಕ. ಆರು ಪದಗಳ ಸಾಧ್ಯತೆಗಳು 6ನ್ನು 24 ಸಲ ಗುಣಿಸಿದಷ್ಟು, ಅಂದರೆ ಸುಮಾರು 47 ಸಾವಿರ ಕೋಟಿ ಕೋಟಿ. ಸೆಕೆಂಡಿಗೆ ಲಕ್ಷ ಊಹೆಯ ಕಳ್ಳನಿಗೆ ಎಲ್ಲವನ್ನೂ ಮುಗಿಸಲು ಬೇಕಾಗುವ ಕಾಲ 15 ಲಕ್ಷ ವರ್ಷ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ಜನ ಕಲ್ಲಿನ ಕೊಡಲಿ ತಯಾರಿಸುತ್ತಿದ್ದದ್ದು ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ, ನೆನಪಿರಲಿ. ಎರಡು ಸೆಕೆಂಡಿನಲ್ಲಿ ಎಂಟಕ್ಷರ ಒಡೆದ ಆ ದುರ್ಬಲ ಹ್ಯಾಶ್‌ನಲ್ಲೂ ಇದಕ್ಕೆ ಒಂದೂವರೆ ವರ್ಷ ಬೇಕು.

ಇದರಲ್ಲಿ ಒಂದು ಸೊಗಸಿದೆ. ಕಳ್ಳ ನಿಮ್ಮ ಕ್ಲಾಸಿನ 36 ಹಾಳೆಗಳನ್ನೂ ಜೆರಾಕ್ಸ್ ಮಾಡಿಕೊಂಡು ಹೋದರೂ ಈ ಲೆಕ್ಕ ಒಂದಿಷ್ಟೂ ಕಮ್ಮಿಯಾಗುವುದಿಲ್ಲ. ನಾನು ಈಗಾಗಲೇ ಅವನ ಕೈಗೆ ಪಟ್ಟಿ ಕೊಟ್ಟೇ ಲೆಕ್ಕ ಹಾಕಿದ್ದೇನೆ. ವಿಧಾನ ಎಲ್ಲರಿಗೂ ಗೊತ್ತಿರಲಿ, ಕೀಲಿ ಮಾತ್ರ ಗುಟ್ಟಾಗಿರಲಿ ಎಂಬುದನ್ನು 1883ರಲ್ಲೇ ಆಗುಸ್ಟ್ ಕೆರ್ಕಾಫ್ಸ್ ಎಂಬ ಭಾಷಾಪಂಡಿತರು ಹೇಳಿದ್ದರು. ಗುಟ್ಟು ಇರುವುದು ದಾಳ ಹೇಗೆ ಬಿತ್ತು ಎಂಬುದರಲ್ಲಿ. ಆದ್ದರಿಂದ ದಾಳವನ್ನು ಒಬ್ಬರೇ ಕೂತು ಎಸೆಯಿರಿ. 'ಅಯ್ಯೋ, ಬಕೆಟ್ ಬಂತು, ಚೆನ್ನಾಗಿಲ್ಲ' ಎಂದು ಮತ್ತೆ ಎಸೆಯಬೇಡಿ. ನಿಮಗೆ ಇಷ್ಟವಾಗುವುದನ್ನು ಹುಡುಕತೊಡಗಿದ ಕೂಡಲೇ ತಲೆ ಒಳಗೆ ನುಗ್ಗಿತು ಅಂತ ಅರ್ಥ.

ದಾಳದ ಬದಲು ಚೌಕಾಬಾರದ ಕವಡೆ ಆಗದೇ? ಆಗದು. ಕಾರಣ ಕೂತು ಎಣಿಸಿದರೆ ನಿಮಗೇ ಸಿಗುತ್ತದೆ. ಒಂದೊಂದು ಕವಡೆಯೂ ಮೇಲ್ಮುಖವಾಗಿಯೋ ಕೆಳಮುಖವಾಗಿಯೋ ಸಮಸಮವಾಗಿ ಬೀಳುತ್ತದೆ ಎಂದಿಟ್ಟುಕೊಂಡರೂ, ನಾಲ್ಕು ಕವಡೆ ಬೀಳುವ ಬಗೆ 16. ಅದರಲ್ಲಿ 'ಎರಡು' ಬರುವುದು 6 ಬಗೆಯಲ್ಲಿ, 'ಒಂದು' ಮತ್ತು 'ಮೂರು' ತಲಾ 4 ಬಗೆಯಲ್ಲಿ. ಚೌಕ ಬರುವುದು ಒಂದೇ ಬಗೆಯಲ್ಲಿ, ಬಾರವೂ ಅಷ್ಟೇ. ಆಟಕ್ಕೆ ಇದು ಚಂದ, ಬಾರ ಬಿದ್ದಾಗ ಕುಣಿಯಬಹುದು. ಪಾಸ್‌ವರ್ಡಿಗೆ ಇದೇ ಮುಳುವು, ಊಹಿಸುವವನು 'ಎರಡು' ಎಂದು ಶುರು ಮಾಡುತ್ತಾನೆ.

ಪದಗಳ ಬದಲು ಗೊತ್ತಿರುವ ಒಂದು ಸಾಲನ್ನೇ ಇಟ್ಟುಕೊಳ್ಳಬಹುದಲ್ಲ ಎನ್ನುವವರಿದ್ದಾರೆ: ಹಾಡಿನ ಪಲ್ಲವಿ, ಗಾದೆ, ಸಿನಿಮಾ ಡೈಲಾಗು. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ಹೋದವರು ಯೋಚಿಸಿ. ಭರತ ಹುಣ್ಣಿಮೆಯ ಹೊತ್ತಿನ ಆ ಜಾತ್ರೆಯಲ್ಲಿ ಗೊರವಯ್ಯ ದೊಡ್ಡ ಬಿಲ್ಲನ್ನೇರಿ 'ಸದ್ದಲೇ' ಎಂದಾಗ ಡೆಂಕನಮರಡಿಯ ತುಂಬ ನೆರೆದ ಲಕ್ಷಾಂತರ ಜನ ಗಪ್‌ಚುಪ್. ಅವನು ನುಡಿಯುವ ಕಾರ್ಣಿಕ, ಅಂದರೆ ಭವಿಷ್ಯದ ನುಡಿ, ಏನಿರುತ್ತದೆ ಎಂದು ಆ ಕ್ಷಣ ಯಾರೂ ಊಹಿಸಲಾರರು. ನುಡಿದು ಬಿದ್ದ ಮೇಲೆ? ಸಂಜೆಯೊಳಗೆ ಊರೂರಿಗೆ, ಬೆಳಗಾದರೆ ಎಲ್ಲ ಪತ್ರಿಕೆಗೆ. ಒಮ್ಮೆ ಅಚ್ಚಾದ ಸಾಲು, ಅದು ಕಾರ್ಣಿಕದ್ದಿರಲಿ, ಸಿನಿಮಾದ್ದಿರಲಿ, ಊಹಿಸುವ ಯಂತ್ರದ ಪಟ್ಟಿಗೆ ಸೇರಿತೆಂದೇ ತಿಳಿಯಿರಿ.

ಸರಿ, ಒಂದು ಗಟ್ಟಿ ಪಾಸ್‌ವರ್ಡ್ ಆಯಿತು. ಅದನ್ನೇ ಎಲ್ಲ ಕಡೆ ಇಡಬಹುದೇ? ಖಂಡಿತ ಬೇಡ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯನ್ನು ಒನಕೆ ಓಬವ್ವನ ತವರು ಎನ್ನುತ್ತಾರೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಕೆಡವಲಾಗದೆ ಹೈದರಾಲಿಯ ಸೈನಿಕರು ನುಸುಳಲು ಹೊರಟದ್ದು ಒಬ್ಬೊಬ್ಬರೇ ತೂರುವಷ್ಟು ಸಣ್ಣ ಕಿಂಡಿಯಿಂದ, ಓಬವ್ವ ಒನಕೆ ಹಿಡಿದು ಅವರನ್ನು ತಡೆದದ್ದೂ ಅಲ್ಲೇ. ನಿಮ್ಮ ಅಪ್ಪನ ಬ್ಯಾಂಕಿನ ಗೋಡೆ ಎಷ್ಟೇ ದಪ್ಪವಿದ್ದರೂ, ಅದೇ ಪಾಸ್‌ವರ್ಡನ್ನು ಯಾವುದೋ ಆಟದ ಆ್ಯಪಿಗೂ ಕೊಟ್ಟಿದ್ದರೆ ಆ ಆ್ಯಪೇ ಕಿಂಡಿ. ಅಲ್ಲಿಂದ ಸೋರಿದ್ದನ್ನು ಕಳ್ಳರು ಮೊದಲು ಬಳಸಿ ನೋಡುವುದು ಈಮೇಲ್ ಮತ್ತು ಬ್ಯಾಂಕಿನ ಮೇಲೆ. ಆದ್ದರಿಂದ ಒಂದೊಂದು ಕಡೆಗೂ ಒಂದೊಂದು ಪಾಸ್‌ವರ್ಡ್ ಬೇಕು.

ಎಸ್‌ಎಸ್‌ಪಿ, ಸೇವಾ ಸಿಂಧು, ಡಿಜಿಲಾಕರ್, ಈಮೇಲ್, ಬ್ಯಾಂಕು... ಇಷ್ಟಕ್ಕೂ ಆರಾರು ಪದ ನೆನಪಿಡಲು ಯಾರಿಂದ ಸಾಧ್ಯ? ಇಲ್ಲಿ ಬರುತ್ತದೆ ಪಾಸ್‌ವರ್ಡ್ ಮ್ಯಾನೇಜರ್. ಪ್ರತಿ ಖಾತೆಗೂ ಅರ್ಥವಿಲ್ಲದ ಉದ್ದನೆಯ ಪಾಸ್‌ವರ್ಡ್ ತಾನೇ ಹುಟ್ಟಿಸಿ, ಎಲ್ಲವನ್ನೂ ಗೂಢಲಿಪಿಯಲ್ಲಿ ಸೇರಿಸಿಡುವ ತಂತ್ರಾಂಶ ಅದು. ನೀವು ನೆನಪಿಡಬೇಕಾದ್ದು ಅದನ್ನು ತೆರೆಯುವ ಒಂದೇ ಮುಖ್ಯ ಪಾಸ್‌ವರ್ಡ್, ದಾಳದಿಂದ ಆರಿಸಿದ ಆ ಆರು ಪದ. ಇನ್ನೊಂದು ಉಪಕಾರವಿದೆ. ಸ್ಕಾಲರ್‌ಶಿಪ್ ಪೋರ್ಟಲ್ಲಿನಂತೆಯೇ ಕಾಣುವ ನಕಲಿ ಪುಟ ಎದುರಾದಾಗ ನಮ್ಮ ಕಣ್ಣು ಮೋಸ ಹೋಗಬಹುದು. ಮ್ಯಾನೇಜರ್ ನೋಡುವುದು ಪುಟದ ವಿಳಾಸವನ್ನು. ಒಂದಕ್ಷರ ಬೇರೆಯಿದ್ದರೂ ಅದು ಪಾಸ್‌ವರ್ಡ್ ತುಂಬುವುದಿಲ್ಲ. ಅದು ತುಂಬದಿದ್ದರೆ, ಅಲ್ಲೇ ನಿಂತು ವಿಳಾಸ ಓದಿ.

ಯಾವುದನ್ನು ಆರಿಸುವುದು? ಎಲ್ಲವನ್ನೂ ನಿಮ್ಮ ಮೊಬೈಲಿನಲ್ಲೇ ಗೂಢಲಿಪಿಗೆ ತಿರುಗಿಸಿ ಆಮೇಲೆ ಕಂಪನಿಗೆ ಕಳಿಸುವಂಥದ್ದಿರಬೇಕು. ಆಗ ಕಂಪನಿಯವರೂ ಓದಲಾರರು. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಹೆಸರುವಾಸಿ ಮ್ಯಾನೇಜರಿನಿಂದ ಗ್ರಾಹಕರ ಗೂಢಲಿಪಿ ಪೆಟ್ಟಿಗೆಗಳ ಪ್ರತಿಗಳನ್ನೇ ಕದ್ದೊಯ್ದರು. ಮುಖ್ಯ ಪಾಸ್‌ವರ್ಡ್ ಉದ್ದವಿದ್ದವರ ಪೆಟ್ಟಿಗೆ ಒಡೆಯುವುದು ಕಷ್ಟ, ಸಣ್ಣದಿದ್ದವರಿಗೆ ನಿದ್ದೆಯಿಲ್ಲ. ಬಿಟ್‌ವಾರ್ಡನ್ ಎಂಬ ಮ್ಯಾನೇಜರಿನ ಪ್ರೋಗ್ರಾಮಿನ ಬರಹವನ್ನು (ನಿಮ್ಮ ಪಾಸ್‌ವರ್ಡನ್ನಲ್ಲ) ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು, ದುಡ್ಡು ಕೊಡದೆಯೂ ಬಳಸಬಹುದು. 2003ರಿಂದ ಇರುವ ಕೀಪಾಸ್ ಇಂಟರ್ನೆಟ್ಟಿಲ್ಲದೆಯೂ ನಡೆಯುತ್ತದೆ. ಆದರೆ ಕಡತದ ಇನ್ನೊಂದು ಪ್ರತಿ ಇಟ್ಟುಕೊಳ್ಳುವ ಹೊಣೆ ನಿಮ್ಮದೇ. ಆಂಡ್ರಾಯ್ಡ್ ಮೊಬೈಲಿನಲ್ಲಿ ಗೂಗಲ್‌ನದ್ದು ಮೊದಲೇ ಇರುತ್ತದೆ, ಶುರು ಮಾಡುವವರಿಗೆ ಸುಲಭ. ಯಾವುದನ್ನೇ ಬಳಸಿ, ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಮಾತ್ರ ಅದನ್ನು ತೆರೆಯಬೇಡಿ. ಮುಖ್ಯ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ, ಮರೆತರೆ ತೆರೆದುಕೊಡುವವರು ಯಾರೂ ಇಲ್ಲ.

ಮೊಬೈಲ್ ಒಗ್ಗದ ಅಜ್ಜಿಗೆ? ನನ್ನನ್ನು ಕೇಳಿದರೆ, ಟ್ರಂಕಿನಲ್ಲಿಟ್ಟ ಒಂದು ನೋಟ್‌ಬುಕ್ಕೇ ಅವರ ಪಾಸ್‌ವರ್ಡ್ ಮ್ಯಾನೇಜರ್. ಪಾಸ್‌ವರ್ಡ್ ಬರೆದಿಡುವುದೇ ಪಾಪ ಎಂದು ಹೆದರಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬೇರೆ ರಾಜ್ಯದಲ್ಲಿ ಕೂತ ಕಳ್ಳ ಹರಪನಹಳ್ಳಿಯ ಟ್ರಂಕು ತೆರೆಯಲಾರ.

'ಬೆರಳು ಒತ್ತಿದರೆ ಮುಗೀತಲ್ಲ, ಇದೆಲ್ಲ ಯಾಕೆ?' ಎನ್ನುತ್ತೀರಾ? ನಮ್ಮ ರಾಜ್ಯ ಅದನ್ನೂ ಬೇಗನೆ ಮಾಡಿ ನೋಡಿದೆ. 2000ದ ಸುಮಾರಿಗೆ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಯೋಜನೆಯಲ್ಲಿ ತಾಲ್ಲೂಕು ಕಚೇರಿಯ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳಿ, ಆಮೇಲೆ 'ತಿದ್ದಿದ್ದು ನಾನಲ್ಲ' ಎಂದು ಜಾರಿಕೊಳ್ಳದಿರಲಿ ಎಂದು. ಅದು ಒಳ್ಳೆಯ ಉಪಾಯವೇ. ಆದರೆ 2023ರಲ್ಲಿ ಇದೇ ರಾಜ್ಯದಲ್ಲಿ, ಆಸ್ತಿ ನೋಂದಣಿ ಪತ್ರಗಳ ಮೇಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಆಧಾರ್ ಮೂಲಕ ಬ್ಯಾಂಕ್ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಹೊರಬಿದ್ದವು. ಪಾಸ್‌ವರ್ಡ್ ಸೋರಿದರೆ ಹೊಸದು ಇಡಬಹುದು. ಬೆರಳು ಹತ್ತೇ. ಅದಕ್ಕಾಗಿ ಆಧಾರ್‌ನ ಬೆರಳಚ್ಚಿಗೂ ಬೀಗ ಹಾಕುವ ಸೌಲಭ್ಯವಿದೆ. ಆಧಾರ್ ಆ್ಯಪಿನಲ್ಲಿ ಅಪ್ಪ ಅಮ್ಮ ಅದನ್ನು ಹಾಕಿಕೊಳ್ಳಬಹುದು.

ಈ ಭಾನುವಾರ ಮನೆಯವರ ಪಿನ್‌ಗಳಲ್ಲಿ ಹುಟ್ಟಿದ ದಿನ ಯಾವುದಿದೆ ಎಂದು ಅವರನ್ನೇ ಕೇಳಿ, ಆದರೆ ಪಿನ್ ಹೇಳಿಸಿಕೊಳ್ಳಬೇಡಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ ಎಂಬುದನ್ನೂ ಅಜ್ಜಿಗೆ ತಿಳಿಸಿ. ಯಾರಾದರೂ ಮೋಸ ಹೋಗಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆಮೇಲೆ ಲೂಡೋ ಡಬ್ಬಿಯ ದಾಳ ಹುಡುಕಿ ಎಸೆಯಿರಿ. ಕರಡಿ, ಶೇಂಗಾ, ಛತ್ರಿ ಇರುವ ಈ ಆರು ಪದಗಳನ್ನು ಮಾತ್ರ ಹಾಗೆಯೇ ಇಟ್ಟುಕೊಳ್ಳಬೇಡಿ, ಅವು ಈಗ ಅಚ್ಚಾಗಿವೆ.